ಮೈ ಬಿಡದ ಕೆಂಪಂಗಿ

ಸೈಕಲ್ ರೇಸಿನಲ್ಲಿ ಏರು, ಎದುರುಗಾಳಿ, ಪಂಕ್ಚರ್ ಇವೆಲ್ಲ ಎಲ್ಲರಿಗೂ ಇದ್ದದ್ದೇ. ನನ್ನ ಕಷ್ಟಗಳು ಮಾತ್ರ ಸೈಕಲ್ ಇಳಿದ ಮೇಲೆ ಶುರುವಾಗುತ್ತಿದ್ದವು. ಒಮ್ಮೆ ಆಯಿತು, ಇನ್ನು ಆಗಲಿಕ್ಕಿಲ್ಲ ಎಂದುಕೊಂಡರೆ ಮುಂದಿನ ರವಿವಾರ ಮತ್ತೆ ಆಗುತ್ತಿತ್ತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ದಿನಗಳವು. ನಾನು ಬಾಗಲಕೋಟೆಯ ಒಂದು ಕಚೇರಿಯಲ್ಲಿ ಟೈಪಿಸ್ಟ್. ನಮ್ಮ ಐದು ಜನರ ಸೈಕಲ್ ಟೀಮಿಗೆ ಕಲಿಸುತ್ತಿದ್ದವರು ಒಬ್ಬ ನಿವೃತ್ತ ಡ್ರಿಲ್ ಮಾಸ್ತರರು. ಅವರು ಹುಬ್ಬಳ್ಳಿಗೆ ಹೋಗಿ ಐದು ಕೆಂಪು ಉಣ್ಣೆಯ ಜರ್ಸಿ ತಂದರು. ಐದೂ ಒಂದೇ ಅಳತೆ, ಅದೂ ಟೀಮಿನಲ್ಲಿ ಎಲ್ಲರಿಗಿಂತ ಸಣ್ಣವನ ಅಳತೆ. ಎಲ್ಲರಿಗಿಂತ ದೊಡ್ಡವ ನಾನು.

“ಸರ, ಭಾಳ ಬಿಗಿ ಆಗತೈತ್ರಿ,” ಅಂದೆ.

“ಉಣ್ಣಿ ಐತಿ, ಹಿಗ್ತೈತಿ,” ಅಂದರು ಮಾಸ್ತರರು. “ಆದ್ರ ಒಂದು ಮಾತು. ಹರದ್ರ, ಕತ್ತರಿ ಹಚ್ಚಿದ್ರ ಇನ್ನೊಂದು ಕೊಡಂಗಿಲ್ಲ. ಜರ್ಸಿ ಇಲ್ಲದಾಂವ ಟೀಮಿನ್ಯಾಗ ಇಲ್ಲ.”

ಒಣಗಿದ್ದಾಗ ಹೇಗೋ ತೂರಿಕೊಳ್ಳಬಹುದಿತ್ತು. ಬೆವರು ಹತ್ತಿದ ಮೇಲೆ ಅದು ಎದೆ ಬೆನ್ನಿಗೆ ಅಂಟಿ ಕೂತುಬಿಡುತ್ತಿತ್ತು. ಎತ್ತಿದರೆ ಬಗಲತನಕ ಬಂದು, ಅಲ್ಲಿ ಸುರುಳಿಯಾಗಿ ಹಗ್ಗದಂತೆ ಬಿಗಿಯುತ್ತಿತ್ತು.

೧. ಅಂಗಳದಲ್ಲಿ ದೇವರು

ಮೊದಲ ದಿನ ಕೆರೂರಿಗೆ ಹೋಗಿ ಬಂದೆವು. ಬಾಡಿಗೆ ಖೋಲಿಗೆ ಬಂದು ಜರ್ಸಿ ಎತ್ತಿದೆ. ತಲೆ ಒಳಗೆ, ಎರಡೂ ಕೈ ಮೇಲೆ, ಅಲ್ಲಿಗೆ ನಿಂತಿತು. ಮುಂದಕ್ಕೂ ಬರಲೊಲ್ಲದು, ಹಿಂದಕ್ಕೂ ಹೋಗಲೊಲ್ಲದು. ಯಾರನ್ನಾದರೂ ಕರೆಯೋಣ ಎಂದು ಗೋಡೆ ತಡವುತ್ತ ಅಂಗಳಕ್ಕೆ ಬಂದೆ. ಉಸಿರು ಕಟ್ಟಿ ಹುಂ ಹುಂ ಎನ್ನುತ್ತ ಓಲಾಡುತ್ತಿದ್ದೆ.

ಅಲ್ಲಿ ಮನೆಯ ಮಾಲಕಿ ದೊಡ್ಡವ್ವ ಜೋಳ ಹಸನು ಮಾಡುತ್ತ ಕೂತಿದ್ದಳು. ಬೀರಪ್ಪ ದೇವರ ಮೇಲೆ ಬಲು ಭಕ್ತಿ ಅವಳಿಗೆ. ಮೊದಲು ಮೊರ ಬಿದ್ದ ಸಪ್ಪಳ ಕೇಳಿತು, ಆಮೇಲೆ ನನ್ನ ಕಾಲಿಗೆ ಹಣೆ ತಾಗಿತು.

“ಯಪ್ಪಾ, ಬಾಡಗಿ ಹುಡುಗನ ಮೈಮ್ಯಾಲ ಬಂದ್ಯಾ? ನನ್ನ ಮಗಳಿಗೆ ಗಂಡೋ ಹೆಣ್ಣೋ, ಅಷ್ಟು ಹೇಳು.”

“ಎಳೀರಿ ದೊಡ್ಡವ್ವಾ, ಎಳೀರಿ,” ಅಂದೆ ಒಳಗಿಂದ.

ದೇವರು ತನ್ನನ್ನು ದೊಡ್ಡವ್ವ ಎಂದು ಕರೆದದ್ದು ಅವಳಿಗೆ ಸಂಶಯ ತಂದಿತು. ಎದ್ದು ನಿಂತು ಎಳೆದಳು. ನನ್ನ ತಲೆ ಹೊರಗೆ ಬಂತು. ಬಾಡಿಗೆಯವನ ಕಾಲಿಗೆ ಬಿದ್ದೆನಲ್ಲ ಎಂಬ ಸಿಟ್ಟಿಗೆ ಎಂಟು ದಿನ ನನ್ನ ಸಂಗಡ ಮಾತು ಬಿಟ್ಟಳು. ಒಂಬತ್ತನೆಯ ದಿನ ಬಸುರಿ ಮಗಳಿಗೆ ಹೆರಿಗೆ ಬ್ಯಾನೆ ಶುರುವಾಯಿತು. ದೊಡ್ಡವ್ವ ತಾನಾಗಿಯೇ ನನ್ನ ಬಾಗಿಲಿಗೆ ಬಂದಳು.

“ಆ ಕೆಂಪಂಗಿ ತಲಿಮ್ಯಾಲ ಹಾಕ್ಕೊಂಡು ಒಂದು ಮಾತು ಹೇಳಿಬಿಡಪಾ,” ಅಂದಳು. “ಸುಮ್ನ ಹೇಳಿದ್ರ ನಂಬಿಕಿ ಬರಂಗಿಲ್ಲ.”

೨. ಕುಸುಬಿ ಎಣ್ಣೆ

ಟೀಮಿನ ಆ ಸಣ್ಣವ, ಯಾರ ಅಳತೆಗೆ ಜರ್ಸಿ ತಂದಿದ್ದರೋ ಅವನೇ, ನನ್ನ ಜೀವದ ಗೆಳೆಯ. ಬಾದಾಮಿ ರೇಸಿನ ದಿನ ಒಂದು ಉಪಾಯ ಹೇಳಿದ.

“ಮೈಗೆ ಕುಸುಬಿ ಎಣ್ಣಿ ಹಚ್ಕೊಂಡು ಜರ್ಸಿ ಹಾಕ್ಕೋಲೇ. ತಗಿಯೂ ಮುಂದ ತಾನ ಜಾರತೈತಿ.”

ಪಾವು ಎಣ್ಣೆ ಹಚ್ಚಿಕೊಂಡೆ. ಬಾದಾಮಿ ದಾರಿಯ ಕೆಂಪು ಧೂಳಿನ ವಿಚಾರ ಇಬ್ಬರಿಗೂ ಹೊಳೆಯಲಿಲ್ಲ. ಊರು ಮುಟ್ಟುವುದರೊಳಗೆ ಎಣ್ಣೆ, ಧೂಳು, ಬೆವರು ಮೂರೂ ಕೂಡಿ ಒಳ್ಳೆಯ ಕಣಕದಂತಾಗಿತ್ತು. ಜರ್ಸಿ ಮೊದಲಿಗಿಂತ ಗಟ್ಟಿಯಾಗಿ ಹಿಡಿದುಕೊಂಡಿತು. ಕೆರೆಯ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ ಗೆಳೆಯ ಎಳೆಯತೊಡಗಿದ. ಪಕ್ಕದಲ್ಲಿ ಬಟ್ಟೆ ಒಗೆಯುತ್ತಿದ್ದ ಮುದುಕಿ ಕೈ ನಿಲ್ಲಿಸಿ ಬಹಳ ಹೊತ್ತು ನೋಡಿದಳು.

“ಅಂಗಿ ಒಗೀಬೇಕಂದ್ರ ಮೊದಲ ಒಳಗಿನ ಮನಶ್ಯಾನ ತಗೀಬೇಕಪಾ,” ಅಂದಳು.

“ಅದನ್ನ ಮಾಡಾಕತ್ತೀನಿ ಬೇ,” ಅಂದ ಗೆಳೆಯ. ಸಿಟ್ಟಿನಿಂದ ನನ್ನ ಎದೆಗೆ ಒಂದು ಕಾಲು ಕೊಟ್ಟು ಜಗ್ಗಿದ. ಜರ್ಸಿ ಬಂತು. ಬಂದ ಜೋರಿಗೆ ಅವನು ಜರ್ಸಿ ಸಮೇತ ಹಿಂದಕ್ಕೆ ಕೆರೆಗೆ ಬಿದ್ದ. ಈಜು ಅವನಿಗೆ ಅಷ್ಟಕ್ಕಷ್ಟೆ. ನಾನು ಕೂಗುತ್ತ ಕಡೆಯ ಮೆಟ್ಟಿಲಿಗೆ ಓಡಿದೆ. ಒಂದು ಗಳಿಗೆಯ ಮೇಲೆ ನೀರಿನಿಂದ ಮೊದಲು ಒಂದು ಕೈ, ಕೈಯಲ್ಲಿ ಜರ್ಸಿ, ಆಮೇಲೆ ತಲೆ ಮೇಲೆ ಬಂತು.

“ಗಾಬರಿ ಆಗಬ್ಯಾಡಲೇ,” ಅಂದ ನೀರು ಉಗುಳುತ್ತ. “ಹರದಿಲ್ಲ.”

೩. ಅವ್ವನ ಹೊಲಿಗೆ

ಹುನಗುಂದ ನಮ್ಮೂರು. ಅಲ್ಲಿ ರೇಸಿದ್ದಾಗ ಹಿಂದಿನ ದಿನವೇ ಮನೆಗೆ ಹೋಗಿದ್ದೆ. ಬೆನ್ನಿಗೆ ಕಟ್ಟಿಕೊಳ್ಳುವ ನಂಬರಿನ ಬಟ್ಟೆಗೆ ಪಿನ್ನು ಸಿಗಲಿಲ್ಲ. ಬೆಳಿಗ್ಗೆ ನಾನು ಜರ್ಸಿ ಹಾಕಿಕೊಂಡು ನಿಂತಾಗ ಅವ್ವ ಸೂಜಿ ದಾರ ತಂದು ಮೈಮೇಲೇ ಹೊಲಿದಳು. “ಬಿರುಗಾಳಿ ಬಂದ್ರೂ ಹಾರಂಗಿಲ್ಲ,” ಅಂದಳು. ಖರೆ ಇತ್ತು. ಅವಳು ನಂಬರು, ಜರ್ಸಿ, ಒಳಗಿನ ಬನಿಯನ್ ಮೂರನ್ನೂ ಸೇರಿಸಿ ಕೌದಿ ಹೊಲಿದ ಹಾಗೆ ಗಟ್ಟಿ ಟಾಕು ಹಾಕಿದ್ದಳು.

ರೇಸ್ ಮುಗಿದ ಮೇಲೆ ಮಾಸ್ತರರು ನಂಬರಿನ ಬಟ್ಟೆ ಕೇಳಿದರು. ನಾನು ಬೆನ್ನು ಮಾಡಿ ನಿಂತೆ. ಕತ್ತರಿ ಹಚ್ಚಬಾರದೆಂಬುದು ಅವರದೇ ನಿಯಮ. ಹಾಗಾಗಿ ಕನ್ನಡಕ ಏರಿಸಿಕೊಂಡು ಅರ್ಧ ತಾಸು ಒಂದೊಂದೇ ಟಾಕು ಬಿಚ್ಚಿದರು.

“ನಾ ತಪ್ಪು ಮಾಡಿದೆ,” ಅಂದರು ಕಡೆಗೆ. “ಟೀಮಿಗೆ ನಿಮ್ಮವ್ವನ್ನ ತೊಗೋಬೇಕಿತ್ತು. ಹಿಡದದ್ದು ಬಿಡೂ ಪೈಕಿ ಅಲ್ಲ ಆಕಿ.”

೪. ಕನ್ಯಾ ನೋಡಿದ್ದು

ಇದು ಆದದ್ದು ಇಳಕಲ್ಲಿನಲ್ಲಿ. ಬಾಗಲಕೋಟೆಯಿಂದ ಇಳಕಲ್ಲಿಗೆ ರೇಸ್, ಮೊದಲ ಇಬ್ಬರಿಗೆ ಮುಂದಿನ ವಾರ ವಿಜಾಪುರದ ದೊಡ್ಡ ರೇಸು. ಅದೇ ಊರಿನ ನೇಕಾರರ ಮನೆಯೊಂದರಲ್ಲಿ ನನಗೆ ಮನೆಯವರು ಹುಡುಗಿ ನೋಡಿಟ್ಟಿದ್ದರು. “ಹೆಂಗೂ ಅಲ್ಲಿಗೇ ಹೊಂಟೀದಿ, ಕನ್ಯಾನೂ ನೋಡ್ಕೊಂಡ ಬರೂಣು,” ಅಂದ ಅಪ್ಪ. ಇಸ್ತ್ರಿ ಮಾಡಿದ ನನ್ನ ಅಂಗಿ ಪ್ಯಾಂಟು ಹಿಡಿದುಕೊಂಡು ಅಪ್ಪ ಅವ್ವ ಹುನಗುಂದದಿಂದ ಬಸ್ಸಿಗೆ ಬಂದು ಆ ಮನೆಯಲ್ಲಿ ಕೂತಿದ್ದರು.

ನಾನು ಎರಡನೆಯವನಾಗಿ ಬಂದೆ. ಖುಷಿಗೆ ಕಾಲು ನೆಲದ ಮೇಲಿರಲಿಲ್ಲ. ಗೆಳೆಯನನ್ನು ಕರೆದುಕೊಂಡು ಸೀದಾ ಹುಡುಗಿಯ ಮನೆಗೆ ಹೋಗಿ, ಪಡಸಾಲೆಯ ಪಕ್ಕದ ಸಣ್ಣ ಖೋಲಿಯಲ್ಲಿ ಬಟ್ಟೆ ಬದಲಿಸಲು ನಿಂತೆ. ಆಗಬಾರದ್ದು ಅಲ್ಲಿಯೇ ಆಯಿತು. ತಲೆ ಒಳಗೆ, ಕೈ ಮೇಲೆ. ಗೆಳೆಯ ಎಳೆದ. ನಾನು ಅವನ ಹಿಂದೆ ಹೋದೆ. ಅವನು ಮತ್ತೆ ಎಳೆದ. ಹೀಗೆ ಎಳೆಯುತ್ತ ಎಳೆಯುತ್ತ ಇಬ್ಬರೂ ಹಿರಿಯರೆಲ್ಲ ಕೂತಿದ್ದ ಪಡಸಾಲೆಗೇ ಬಂದುಬಿಟ್ಟೆವು.

“ಮಗ್ಗ, ಮಗ್ಗ, ಸೀರಿ ಐತಿ,” ಎಂದು ಯಾರೋ ಕೂಗಿದರು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಅರ್ಧ ನೇಯ್ದ ಸೀರೆಯ ಸಮೇತ ಅಲ್ಲಿದ್ದ ಮಗ್ಗದ ಕೆಳಗಿನ ಕುಣಿಯಲ್ಲಿ ಬಿದ್ದಿರುತ್ತಿದ್ದೆನಂತೆ.

ಹುಡುಗಿಯ ಅಜ್ಜಿಗೆ ಕಣ್ಣು ಮಂಜು. ಗಂಡು ಬಂದು ನಿಂತಿದ್ದಾನೆ ಎಂದಷ್ಟೇ ತಿಳಿದು, ಪದ್ಧತಿ ಬಿಡಬಾರದೆಂದು ಪ್ರಶ್ನೆ ಶುರು ಮಾಡಿದಳು.

“ಎಷ್ಟು ಓದೀಯಪಾ?”

“ಪಿಯುಸಿ ರಿ,” ಅಂದೆ ಜರ್ಸಿಯೊಳಗಿಂದ.

“ಇಂವನ ಮಾರಿ ಯಾವ ಕಡೆ ಐತ್ಯೋ?” ಎಂದು ಅಜ್ಜಿ ಪಕ್ಕದವರನ್ನು ಕೇಳಿದಳು.

ಅಪ್ಪ ಕೆಮ್ಮಿದ. ಅವ್ವ ದೇವರ ಹೆಸರು ಹೇಳುತ್ತಿದ್ದದ್ದು ನನಗೆ ಕೇಳುತ್ತಿತ್ತು. ಹುಡುಗಿಯ ಅಪ್ಪ ಒಳ್ಳೆಯ ಮನುಷ್ಯ. “ತಡೀರಿ, ನೂಲು ಕತ್ತರಸೂ ಕತ್ತರಿ ಐತಿ, ಒಂದ ಗಳಿಗಿ ಕೆಲಸ,” ಎಂದು ಎದ್ದರು. ನನ್ನ ಕಣ್ಣ ಮುಂದೆ ವಿಜಾಪುರ ಬಂದು ನಿಂತಿತು.

“ಕತ್ತರಿ ಬ್ಯಾಡ್ರಿ ಮಾವಾರ,” ಎಂದು ಕೂಗಿದೆ.

ಇನ್ನೂ ಹುಡುಗಿಯ ಮುಖ ನೋಡಿಲ್ಲ, ಆಗಲೇ ಮಾವ ಅಂದುಬಿಟ್ಟಿದ್ದೆ. ಈ ಸಂಬಂಧ ಮುಗಿಯಿತು ಎಂದುಕೊಂಡೆ. ಆಗ ಅಡಿಗೆ ಮನೆಯ ಬಾಗಿಲಿನಿಂದ ಒಂದು ಹೆಣ್ಣು ದನಿ ಬಂತು.

“ಅಪ್ಪಾ, ಅದು ಉಣ್ಣಿ ನೂಲು. ಅರ್ಧ ಹಸಿ ಇದ್ದಾಗ ಎಳದ್ರ ಇನ್ನೂ ಬಿಗೀತೈತಿ. ಅವರನ್ನ ಅಂಗಳಕ್ಕ ಕರಕೊಂಡು ಬರ್ರಿ.”

ಯಾರೋ ನನ್ನನ್ನು ನಡೆಸಿಕೊಂಡು ಹೋಗಿ ಬಗ್ಗಿಸಿದರು. ತಲೆಯ ಮೇಲೆ ಒಂದು ಕೊಡ ತಣ್ಣೀರು ಬಿತ್ತು. ಅದರ ಬೆನ್ನಲ್ಲೇ ಇನ್ನೊಂದು. ಪೂರ್ತಿ ತೋಯ್ದ ಜರ್ಸಿ ಸಡಿಲಾಗಿ, ಗೆಳೆಯ ಸುಮ್ಮನೆ ಹಿಡಿದದ್ದಕ್ಕೇ ಕಳಚಿ ಬಂತು. ಕಣ್ಣು ಒರೆಸಿಕೊಂಡು ನೋಡುತ್ತೇನೆ, ಎದುರಿಗೆ ಖಾಲಿ ಕೊಡ ಹಿಡಿದುಕೊಂಡು ಹುಡುಗಿ ನಿಂತಿದ್ದಾಳೆ. ನಾನು ಬರಿಮೈಯಲ್ಲಿ, ತೊಡೆಗಂಟಿದ ರೇಸಿನ ಚಡ್ಡಿಯ ಮೇಲೆ, ನೀರಿಳಿಸುತ್ತ ಆ ಓಣಿಯ ಅರ್ಧ ಜನರ ಮುಂದೆ ನಿಂತಿದ್ದೇನೆ. ಅಷ್ಟು ನಾಚಿಕೆ ಜೀವನದಲ್ಲಿ ಮತ್ತೆಂದೂ ಆಗಿಲ್ಲ. ಆದರೂ ಹುಡುಗಿ ಬಹಳ ಚಂದ ಇದ್ದಾಳೆ ಅನ್ನಿಸಿತು.

ಅವಳು ಜರ್ಸಿಯನ್ನು ಹಿಂಡದೆ ಹಾಗೇ ಬಿದಿರ ಗಳಕ್ಕೆ ತೂಗುಹಾಕಿದಳು. ನಾವು ಚುರುಮುರಿ ಸುಸಲಾ ತಿಂದು ಚಹಾ ಕುಡಿಯುವುದರೊಳಗೆ ಅದು ನೀರಿನ ಭಾರಕ್ಕೆ ಇಳಿದು ಇಳಿದು ನನ್ನ ಮೊಳಕಾಲಿಗೆ ಬರುವಷ್ಟಾಗಿತ್ತು. ಉಣ್ಣೆ ಹಿಗ್ಗುತ್ತದೆ ಎಂದು ಮಾಸ್ತರರು ಹೇಳಿದ್ದು ಸುಳ್ಳಾಗಿರಲಿಲ್ಲ. ವಿಜಾಪುರದಲ್ಲಿ ಅದನ್ನು ಎರಡು ಮಡಿಕೆ ಮಾಡಿ ಚಡ್ಡಿಯೊಳಗೆ ಸಿಕ್ಕಿಸಿಕೊಂಡೇ ಸೈಕಲ್ ಹೊಡೆದೆ.

ಚಹಾಕ್ಕೆ ಮೊದಲೇ ನಾನು ಇಸ್ತ್ರಿ ಅಂಗಿ ಪ್ಯಾಂಟು ಹಾಕಿಕೊಂಡು, ತಲೆ ಬಾಚಿಕೊಂಡು, ಮರ್ಯಾದೆಯಿಂದ ಚಾಪೆಯ ಮೇಲೆ ಕೂತಿದ್ದೆ. ಚಹಾ ಆದ ಮೇಲೆ ಅಜ್ಜಿ ಮೊಮ್ಮಗಳನ್ನು ಕರೆದು ಪಕ್ಕದಲ್ಲಿ ಕೂಡಿಸಿಕೊಂಡಳು.

“ಇನ್ನೊಮ್ಮೆ ಸರಿಯಾಗಿ ನೋಡವಾ. ಆಮ್ಯಾಲ ನೋಡಿಲ್ಲ ಅನಬ್ಯಾಡ. ಹುಡುಗ ಪಸಂದ ಅದಾನೋ ಇಲ್ಲೋ?”

ಹುಡುಗಿ ತಲೆ ತಗ್ಗಿಸಿಕೊಂಡೇ ಹೇಳಿದಳು: “ಇನ್ನ ನೋಡೂದು ಏನ ಉಳದೈತಿ, ಆಯಿ?”