ಯಾರೂ ಕೂತಿಲ್ಲ ಎನ್ನುವ ಸೀಟಿಗೆ

ಮಾನ್ಯ ಆಸನ ಮಹಾಶಯರೇ,

ನಮ್ಮ ವಸತಿ ಸಮುಚ್ಚಯದ ಬಯಲಿನ ಅಂಚಿನಲ್ಲಿ, ತಗಡಿನ ಶೆಡ್ಡಿನೊಳಗೆ, ಕೂತು ಓಡಿಸುವ ಹುಲ್ಲು ಕತ್ತರಿಸುವ ಗಾಡಿಯ ಬೆನ್ನೇರಿ, ಕಪ್ಪು ರೆಕ್ಸಿನ್ ಹೊದ್ದು ವಿರಾಜಮಾನರಾಗಿರುವ ತಮಗೆ, ಅದೇ ಸಮುಚ್ಚಯದ ಎರಡನೆಯ ಮಹಡಿಯ ನಿವಾಸಿಯೂ ಸಾಹಿತ್ಯದ ಸ್ನಾತಕೋತ್ತರ ಪದವೀಧರೆಯೂ ತಮ್ಮ ದೃಷ್ಟಿಯಲ್ಲಿ ಯಾರೂ ಅಲ್ಲದವಳೂ ಆದ ನಾನು ಮಾಡುವ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಎಡಬದಿಯ ಹೊಲಿಗೆ ಬಿಚ್ಚಿ ಸ್ಪಂಜು ಇಣುಕುತ್ತಿರುವುದನ್ನು ಕಂಡಿದ್ದೇನಾದರೂ, ಅಧಿಕಾರದಲ್ಲಿರುವವರ ಹರಿದ ಬಟ್ಟೆಯ ಬಗ್ಗೆ ಮಾತೆತ್ತುವುದು ಶಿಷ್ಟಾಚಾರವಲ್ಲವೆಂದು ಸುಮ್ಮನಿದ್ದೇನೆ.

ತಮ್ಮ ಮೇಲೆ ಇಷ್ಟು ಕಾಲ ಕೂರುತ್ತಿದ್ದ ಮಾಲಿ ಬೇರೆ ಕೆಲಸ ಸಿಕ್ಕಿ ಹೋದದ್ದು, ಹುಲ್ಲು ಮೊಣಕಾಲಿನವರೆಗೆ ಬೆಳೆದದ್ದು, ನಿವಾಸಿಗಳ ಸಂಘದ ಅಧ್ಯಕ್ಷರು ಸಭೆ ಕರೆದು "ಕತ್ತರಿಸೋರೇ ಇಲ್ಲ ಅಂದ್ಮೇಲೆ ಹುಲ್ಲು ಯಾಕ್ರೀ? ಸಿಮೆಂಟ್ ಹಾಕ್ಸಿ ಕಾರು ನಿಲ್ಲಿಸೋಣ" ಎಂದದ್ದು, ಇವೆಲ್ಲ ಶೆಡ್ಡಿನೊಳಗಿದ್ದ ತಮಗೆ ತಿಳಿಯದಿರಬಹುದು. ಅವತ್ತು ನಾನು ಕೈಯೆತ್ತಿ "ನಾನು ಕತ್ತರಿಸ್ತೀನಿ" ಎಂದೆ. ಯಾರಿಗೂ ಕೇಳಿಸಲಿಲ್ಲ. ಮತ್ತೊಮ್ಮೆ ಎಂದೆ. ಅಧ್ಯಕ್ಷರು ಸಭೆಯ ಕಡೆಗೊಮ್ಮೆ ನಕ್ಕು, "ಆಗ್ಲಿ ಮೇಡಂ, ಬರೋ ಭಾನುವಾರದೊಳಗೆ ನಿವಾಸಿಗಳೇ ಕತ್ತರಿಸಿದ್ರೆ ಹುಲ್ಲಿರ್ಲಿ, ಇಲ್ಲದಿದ್ರೆ ಸೋಮವಾರ ಸಿಮೆಂಟಿನೋರು ಬರ್ತಾರೆ" ಎಂದು ತೀರ್ಪು ಕೊಟ್ಟರು.

ಆ ಬಯಲು ನಮ್ಮತ್ತೆಗೆ ಏನೆಂಬುದನ್ನೂ ತಾವು ತಿಳಿಯಬೇಕು. ಮಂಡಿ ಆಪರೇಷನ್ ಆದ ಮೇಲೆ ಅವರು ಗಟ್ಟಿ ನೆಲದ ಮೇಲೆ ನಾಲ್ಕು ಹೆಜ್ಜೆ ಹಾಕಿದರೆ ಸಾಕು, ಮುಖ ಕಿವುಚಿಕೊಳ್ಳುತ್ತಾರೆ. ಹುಲ್ಲಿನ ಮೇಲೆ ಬರಿಗಾಲಲ್ಲಾದರೆ ಕೋಲು ಮರೆತು ನಡೆಯುತ್ತಾರೆ. ಸಭೆಯ ಸುದ್ದಿ ಕೇಳಿದವರೇ, "ಸಿಮೆಂಟ್ ಹಾಕಿದ ದಿನ ನಾನು ಮಂಚ ಹಿಡೀತೀನಿ. ಆಮೇಲೆ ಬೆಳಗ್ಗೆಯಿಂದ ಸಂಜೆ ತನಕ ನಿನ್ನ ಕವಿತೆ ಓದಿ ಅರ್ಥ ಹೇಳ್ತಾ ಕೂತಿರ್ಬೇಕಾಗತ್ತೆ, ನೋಡ್ಕೋ" ಎಂದರು. ಕವಿತೆಗೆ ಅರ್ಥ ಹೇಳುವುದಕ್ಕಿಂತ ಯಂತ್ರ ಕಲಿಯುವುದು ಸುಲಭವೆಂದು ನಂಬಿದ ನಾನು ಮರುದಿನವೇ ಶೆಡ್ಡಿನ ಬಾಗಿಲು ತೆಗೆದೆ.

ತಮ್ಮ ಕೈಕೆಳಗಿನ ಸಿಬ್ಬಂದಿಯ ಬಗ್ಗೆ ಎರಡು ಒಳ್ಳೆಯ ಮಾತು ಆಡಲು ಅಪ್ಪಣೆ ಬೇಡುತ್ತೇನೆ. ಮುಂದಿನ ಮುಚ್ಚಳದಡಿ ಕೂತ ಇಂಜಿನ್ನು ಬೆಳಗಿನ ಚಳಿಯಲ್ಲಿ ಸ್ವಲ್ಪ ಗೊಣಗಿದರೂ ಚೋಕ್ ಎಳೆದು ಕೀಲಿ ತಿರುಗಿಸಿದರೆ ಎದ್ದುಬಿಡುತ್ತದೆ. ಅಂಥ ಸ್ವಭಾವದವರು ನಮ್ಮ ಮನೆಯಲ್ಲೂ ಇರುವುದರಿಂದ ನಮಗೆ ಬೇಗ ಹೊಂದಿಕೆಯಾಯಿತು. ಅದರ ಶಕ್ತಿಯನ್ನು ಕೆಳಗಿನ ಬ್ಲೇಡುಗಳಿಗೆ ಮುಟ್ಟಿಸುವ ರಬ್ಬರ್ ಬೆಲ್ಟು, ಒಂದು ರಾಟೆಯಿಂದ ಇನ್ನೊಂದಕ್ಕೆ ಸುತ್ತುತ್ತಾ, ಇಬ್ಬರು ಹಠಮಾರಿಗಳ ನಡುವೆ ಮಾತು ಸಾಗಿಸುವ ಮನೆಯ ಹಿರಿಮಗಳಂತೆ ಎಷ್ಟು ಎಳೆದಾಡಿದರೂ ಹರಿಯದೆ ಬದುಕಿದೆ. ಬ್ಲೇಡುಗಳನ್ನು ಮುಚ್ಚಿಕೊಂಡಿರುವ, ಬೋಗುಣಿ ಕವುಚಿ ಹಾಕಿದಂಥ ತಗಡಿಗೆ ಡೆಕ್ ಎನ್ನುತ್ತಾರಂತೆ. ಪಕ್ಕದ ಲಿವರ್ ಎತ್ತಿದರೆ ಅದೂ ಏಳುತ್ತದೆ, ಇಳಿಸಿದರೆ ಇಳಿಯುತ್ತದೆ, ಹುಲ್ಲಿನ ಎತ್ತರ ಅದರಿಂದಲೇ ತೀರ್ಮಾನವಾಗುತ್ತದೆ. ಕತ್ತರಿಸಿದ ಹುಲ್ಲನ್ನು ಉಗುಳಲು ಅದರ ಬಲಕ್ಕೊಂದು ಬಾಯಿದೆ. ಆ ಬಾಯಿಯ ಎದುರು ನಿಲ್ಲಬಾರದೆಂಬುದನ್ನು ಮಾತ್ರ ನನಗೆ ಯಾರೂ ಕಲಿಸಬೇಕಾಗಲಿಲ್ಲ, ಸಂಘದ ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಕೂತು ಅಭ್ಯಾಸವಿದೆ.

ಹೀಗೆ ಕೆಳಗಿನವರೆಲ್ಲರ ಒಪ್ಪಿಗೆ ಪಡೆದು, ಸೀರೆಯ ಬದಲು ಹಳೆಯ ಪ್ಯಾಂಟು ತೊಟ್ಟು, ನಾನು ತಮ್ಮ ಮೇಲೆ ಕೂತೆ. ಬ್ರೇಕ್ ತುಳಿದು ಕೀಲಿ ತಿರುಗಿಸಿದೆ, ಇಂಜಿನ್ ಹೊತ್ತಿತು. ಬ್ಲೇಡು ತಿರುಗಿಸುವ ಹಳದಿ ಗುಂಡಿಯನ್ನು ಎಳೆದದ್ದೇ ತಡ, ಎಲ್ಲವೂ ಸ್ತಬ್ಧವಾಯಿತು. ಮತ್ತೆ ಹೊತ್ತಿಸಿದೆ, ಮತ್ತೆ ಎಳೆದೆ, ಮತ್ತೆ ಮೌನ. ಸಂಜೆಯವರೆಗೂ ನಮ್ಮಿಬ್ಬರ ನಡುವೆ ನಡೆದ ಈ ಸಂವಾದದ ಕೊನೆಗೆ ತಮ್ಮನ್ನು ಮಗುಚಿ ನೋಡಿದಾಗ ಗುಟ್ಟು ತಿಳಿಯಿತು. ತಮ್ಮ ಹೊಟ್ಟೆಯಡಿ ಒಂದು ಪುಟ್ಟ ಸ್ವಿಚ್ಚಿದೆ. ಮೇಲೆ ಭಾರ ಬಿದ್ದು ಅದು ಒತ್ತಿಕೊಂಡರೆ ಮಾತ್ರ ಮನುಷ್ಯರು ಕೂತಿದ್ದಾರೆಂದು ತಾವು ಒಪ್ಪುತ್ತೀರಿ. ನಾನು ಕೂತಾಗ ಅದು ಒತ್ತಿಕೊಳ್ಳಲೇ ಇಲ್ಲ. ಅಂದರೆ ಇಡೀ ಮಧ್ಯಾಹ್ನ ತಾವು ಇಂಜಿನ್ನಿಗೆ ಕಳಿಸುತ್ತಿದ್ದ ವರದಿ ಒಂದೇ: ಯಾರೂ ಕೂತಿಲ್ಲ.

ಮಹಾಶಯರೇ, ನಮ್ಮ ಭಾಷೆಯಲ್ಲಿ ತೂಕ ಎನ್ನುವುದು ಬಹಳ ತೂಕದ ಪದ. ದೊಡ್ಡವರನ್ನು ತೂಕದ ಮನುಷ್ಯರು ಎನ್ನುತ್ತೇವೆ, ಅವರಾಡಿದ ಮಾತಿಗೆ ತೂಕವಿದೆ ಎನ್ನುತ್ತೇವೆ, ಸಭೆಯಲ್ಲಿ ಅವರು ತೂಕಡಿಸಿದರೆ ಅದನ್ನೂ ಗೌರವದಿಂದ ನೋಡುತ್ತೇವೆ. ನನ್ನ ಮಾತಿಗೆ ತೂಕವಿಲ್ಲವೆಂಬುದು ಸಂಘದ ಸಭೆಯಲ್ಲಿ ಕೈಯೆತ್ತಿದಾಗಲೆಲ್ಲ ತಿಳಿಯುತ್ತಿತ್ತು. ಆದರೆ ಸ್ವತಃ ನನಗೇ ತೂಕವಿಲ್ಲವೆಂದು ಮುಖಕ್ಕೆ ಹೊಡೆದಂತೆ ಹೇಳುವ ಪ್ರಾಮಾಣಿಕತೆಯನ್ನು ತಾವೊಬ್ಬರೇ ತೋರಿದಿರಿ. ಉಳಿದವರು ಕನಿಷ್ಠ ಕೇಳಿಸದಂತೆ ನಟಿಸುತ್ತಾರೆ. ನಮ್ಮತ್ತೆ ವಿಷಯ ತಿಳಿದು ಹೊಟ್ಟೆ ಹಿಡಿದುಕೊಂಡು ನಕ್ಕು, "ಅಲ್ವೇ, ಎಂ.ಎ.ಗೆ ಮೆರಿಟ್ಟಲ್ಲಿ ಸೀಟ್ ತಗೊಂಡೋಳು ನೀನು, ಹುಲ್ಲಿನ ಗಾಡೀಲಿ ಒಂದು ಸೀಟ್ ಸಿಗಲಿಲ್ವಲ್ಲೇ" ಎಂದರು.

ಸೀಟು ಗಿಟ್ಟಿಸಲು ನಾನು ಮಾಡಿದ ಪ್ರಯತ್ನಗಳಿಗೆ ತಾವೇ ಸಾಕ್ಷಿ. ನಿಘಂಟಿನ ಎಲ್ಲ ಸಂಪುಟಗಳನ್ನೂ ಚೀಲಕ್ಕೆ ತುಂಬಿ ತೊಡೆಯ ಮೇಲಿಟ್ಟುಕೊಂಡು ಕೂತಾಗ ತಾವು ಮೊದಲ ಬಾರಿಗೆ ನನ್ನನ್ನು ಮನುಷ್ಯಳೆಂದು ಒಪ್ಪಿದಿರಿ, ಗಾಡಿ ಹೊರಟಿತು. ಆದರೆ ದಾರಿಯಲ್ಲಿ ಒಂದು ಗುಣಿ ಸಿಕ್ಕಿ, ಅಕಾರದಿಂದ ಳಕಾರದವರೆಗಿನ ಸಕಲ ಪದಗಳೂ ನಾನೂ ಗಾಳಿಗೆ ಹಾರಿದ ಅರೆಕ್ಷಣದಲ್ಲಿ ಮನ್ನಣೆ ರದ್ದಾಯಿತು. ನಮ್ಮ ಯಜಮಾನರು ಕೂತರೆ ತಮ್ಮದೇನೂ ತಕರಾರಿಲ್ಲ. ಅವರಿಗೆ ಹುಲ್ಲಿನ ಗಾಳಿ ತಾಗಿದರೆ ಸೀನು ಬರುತ್ತದೆ, ಸೀನಿದಾಗಲೆಲ್ಲ ಅವರು ಸೀಟಿನಿಂದ ಒಂದು ಗೇಣು ಮೇಲೇಳುತ್ತಾರೆ, ಎದ್ದಾಗಲೆಲ್ಲ ಇಂಜಿನ್ ಸಾಯುತ್ತದೆ. ಹೀಗೆ ಅವರು ಶನಿವಾರ ಇಡೀ ಸೀನಿ ಕತ್ತರಿಸಿದ ಹುಲ್ಲು ಒಂದು ಚಾಪೆ ಹಾಸುವಷ್ಟಾಯಿತು.

ಅಂದೇ ಸಂಜೆ ಕರೆಸಿದ ಮೆಕ್ಯಾನಿಕ್ಕು ತಮ್ಮನ್ನು ನೋಡಿ, "ಅಕ್ಕಾ, ಇದೆಲ್ಲ ಎರಡು ನಿಮಿಷದ ಕೆಲ್ಸ. ವೈರ್ ಕಟ್ ಮಾಡಿ ಜಾಯಿಂಟ್ ಹೊಡೆದ್ರೆ ಆಯ್ತು, ಸೀಟಿಗೆ ಬಾಯೇ ಇರಲ್ಲ" ಎಂದು ಇಕ್ಕಳ ತೆಗೆದ. ಬಾಯಿ ಮುಚ್ಚಿಸುವುದು ಎಷ್ಟು ಸುಲಭವೆಂದು ಕೇಳಿದ್ದೇ, ಯಾಕೋ, ನಾನು ತಮ್ಮ ಪಕ್ಷಕ್ಕೆ ಬಂದುಬಿಟ್ಟೆ. ಕೂತವರು ಜಾರಿ ಬಿದ್ದರೆ ಬ್ಲೇಡು ನಿಲ್ಲಲೆಂದೇ ಅಲ್ಲವೇ ತಾವು ಅಲ್ಲಿರುವುದು? ನನ್ನನ್ನು ಯಾರೂ ಅಲ್ಲ ಎಂದದ್ದು, ಬಿದ್ದಾಗ ನನ್ನ ಕಾಲು ಕಾಲಾಗಿಯೇ ಉಳಿಯಲಿ ಎಂಬ ಕಾಳಜಿಯ ಇನ್ನೊಂದು ಮುಖ. "ಬೇಡಪ್ಪ, ಅದು ಮಾತಾಡ್ಲಿ" ಎಂದೆ. "ಹಾಗಾದ್ರೆ ನೀವು ದಪ್ಪ ಆಗ್ಬೇಕಕ್ಕ" ಎಂದು ಅವನು ಹೊರಟ. ನಾನು ಆ ಸಲಹೆಯನ್ನೂ ಗಂಭೀರವಾಗಿ ಪರಿಗಣಿಸಿದೆ. ಆದರೆ ಮರುದಿನವೇ ಭಾನುವಾರ.

ಭಾನುವಾರ ಬೆಳಗ್ಗೆ ಬಯಲಿನ ಸುತ್ತ ಜನ ಸೇರಿದ್ದರು. ಅಧ್ಯಕ್ಷರು ಅಳತೆಯ ಟೇಪಿನೊಂದಿಗೆ ಬಂದಿದ್ದರು. ನಾನು ಸೀಟಿನ ಸಮಸ್ಯೆ ವಿವರಿಸಲು ಹೊರಟರೆ, "ಗಾಡಿ ಕೆಟ್ಟಿದೆ ಅಂತ ಒಪ್ಕೊಳ್ಳಿ ಮೇಡಂ, ಸೀಟು ಗೀಟು ಅಂತ ಕಥೆ ಯಾಕೆ? ನಾನೇ ತೋರಿಸ್ತೀನಿ ಇರಿ" ಎಂದು ಅವರೇ ತಮ್ಮ ಮೇಲೆ ಆಸೀನರಾದರು. ತಾವು ಬಿಟ್ಟ ನಿಟ್ಟುಸಿರು ಬಯಲಿನ ಆಚೆ ತುದಿಗೂ ಕೇಳಿಸಿತು. ತೂಕದ ಮನುಷ್ಯರು! ಬ್ರೇಕ್ ತುಳಿದು ಕೀಲಿ ತಿರುಗಿಸಿದರು, "ಇದೇನಿದು?" ಎನ್ನುತ್ತಾ ಹಳದಿ ಗುಂಡಿ ಎಳೆದರು, "ಇದೋ?" ಎನ್ನುತ್ತಾ ಮುಂದಕ್ಕೆ ಸಾಗಿಸುವ ಲಿವರ್ ತಳ್ಳಿದರು, ಬರೀ ಸದ್ದು, ಒಂದಿಂಚೂ ಸರಿಯಲಿಲ್ಲ ನೋಡಿ ಎಂದು ನಮ್ಮ ಕಡೆ ತಿರುಗುವಾಗ ಬ್ರೇಕಿನಿಂದ ಕಾಲು ತೆಗೆದರು. ಗಾಡಿ ಹೊರಟೇಬಿಟ್ಟಿತು.

ಜನ ಚದುರಿ ಗೋಡೆ ಹತ್ತಿದರು. ಅಧ್ಯಕ್ಷರು ಎರಡೂ ಕಾಲು ಮೇಲೆತ್ತಿಕೊಂಡು ಸ್ಟೀರಿಂಗನ್ನು ತಬ್ಬಿ, "ನಿಲ್ಲಿಸೋದು ಹೇಗ್ರೀ ಇದನ್ನ?" ಎಂದು ಕೂಗಿದರು. ಇಂಜಿನ್ನಿನಿಂದ ಬ್ಲೇಡಿನವರೆಗೆ ಗಾಡಿಯ ಒಂದೊಂದು ಅಂಗವನ್ನೂ ಅರಿತಿದ್ದ ನಾನು, ಬಾಳಿನಲ್ಲಿ ಮೊದಲ ಬಾರಿಗೆ ಅವರಿಗಿಂತ ಜೋರಾಗಿ, "ಏಳಿ ಸಾರ್! ಸೀಟಿಂದ ಸ್ವಲ್ಪ ಎದ್ರೆ ಸಾಕು, ತಾನೇ ನಿಲ್ಲತ್ತೆ!" ಎಂದೆ. ಅವರಿಗೆ ಕೇಳಿಸಿತು. ಕೇಳಿಸಿದ್ದಕ್ಕೇ ಕೆಂಪಾಗಿ, "ನಾನ್ಯಾಕ್ರೀ ಏಳ್ಲಿ?" ಎಂದು ಮೊದಲಿಗಿಂತ ಭದ್ರವಾಗಿ ಕೂತರು.

ಆಮೇಲೆ ನಡೆದದ್ದನ್ನು ತಾವು ಕೆಳಗಿನಿಂದ ಕಂಡಿದ್ದೀರಿ, ನಾನು ಹೊರಗಿನಿಂದ ಕಂಡದ್ದನ್ನು ಹೇಳುತ್ತೇನೆ. ಮೊದಲ ಸುತ್ತಿನಲ್ಲಿ ಅವರು ಬೆದರಿದ್ದರು. ಎರಡನೆಯದರಲ್ಲಿ ಬಿಗುಮಾನದಿಂದಿದ್ದರು. ಮೂರನೆಯದರಲ್ಲಿ, ಹಿಂದೆ ಬಿಟ್ಟುಬಂದ ನುಣುಪು ಹಸಿರು ಪಟ್ಟಿಯನ್ನು ತಿರುಗಿ ನೋಡಿದರು; ಆಗ ಅವರ ಮುಖದಲ್ಲಿ ಮೂಡಿದ್ದನ್ನು ನಾನು ಒಳ್ಳೆಯ ಕವಿತೆಯ ಮೊದಲ ಸಾಲು ಬರೆದವರ ಮುಖದಲ್ಲಿ ಮಾತ್ರ ನಿರೀಕ್ಷಿಸುತ್ತೇನೆ. ನಮ್ಮತ್ತೆ ಕೋಲು ಬೀಸುತ್ತಾ, "ಆ ಮೂಲೆ ಬಿಟ್ಟೆ ನೋಡಪ್ಪಾ! ಹಾಂ, ಅಲ್ಲೇ! ಕಣ್ಣು ಕಾಣಲ್ವಾ?" ಎಂದು ನಿರ್ದೇಶನ ಕೊಡುತ್ತಿದ್ದರು, ಅಧ್ಯಕ್ಷರು "ಬಂದೆ ಅಮ್ಮಾ" ಎಂದು ಪಾಲಿಸುತ್ತಿದ್ದರು. ಪೆಟ್ರೋಲ್ ಮುಗಿದು ಗಾಡಿ ನಿಂತಾಗ ಬಯಲಿನಲ್ಲಿ ಎದ್ದು ನಿಂತ ಹುಲ್ಲಿನ ಎಸಳೊಂದೂ ಇರಲಿಲ್ಲ. ನಿವಾಸಿಗಳೇ ಕತ್ತರಿಸಬೇಕೆಂಬ ಷರತ್ತು ಈಡೇರಿತ್ತು, ಅಧ್ಯಕ್ಷರೂ ನಿವಾಸಿಯೇ ತಾನೇ. ಅವರು ಬೆವರೊರೆಸಿಕೊಂಡು, ಟೇಪನ್ನು ಜೇಬಿಗಿಳಿಸಿ, "ಇಂಥ ಜಾಗಕ್ಕೆ ಸಿಮೆಂಟ್ ಹಾಕ್ಸೋ ಐಡಿಯಾ ಯಾರದ್ರೀ?" ಎಂದು ಸುತ್ತ ನೋಡಿದರು. ನಮ್ಮತ್ತೆ ಅಷ್ಟರಲ್ಲಿ ಚಪ್ಪಲಿ ಕಳಚಿಟ್ಟು ಬಯಲಿಗಿಳಿದಿದ್ದರು.

ಆದ್ದರಿಂದ ನನ್ನ ಅಹವಾಲುಗಳು ಈಗ ಸಣ್ಣವು. ಕವಿತೆ ಓದುವವರಿಗೆ, ಮೆಲುದನಿಯವರಿಗೆ, ಒಣಕಲು ಮೈಯವರಿಗೆ ತಮ್ಮಲ್ಲಿ ಒಂದಿಷ್ಟು ಮೀಸಲಾತಿ ಕಲ್ಪಿಸಬೇಕು. ಅದಾಗದಿದ್ದರೆ, ನಾನು ಕೂತಾಗ ಇಂಜಿನ್ನಿಗೆ "ಯಾರೂ ಕೂತಿಲ್ಲ" ಎನ್ನುವ ಬದಲು "ಯಾರೋ ಕೂತಂತಿದೆ, ಖಾತ್ರಿಯಿಲ್ಲ" ಎಂದಾದರೂ ವರದಿ ಕಳಿಸಬೇಕು. 'ಯಾರೂ' ಹೋಗಿ 'ಯಾರೋ' ಆಗುವುದು ಒಂದೇ ಅಕ್ಷರದ ವ್ಯತ್ಯಾಸವಾದರೂ ಸಾಹಿತ್ಯ ಓದಿದವಳಿಗೆ ಅಷ್ಟು ಸಾಕು. ಬ್ಲೇಡಿಗೂ ಬೆಲ್ಟಿಗೂ ನನ್ನ ಶುಭಾಶಯ ತಿಳಿಸಿ.

ತಮ್ಮ ಮೇಲೆ ಕೂತೂ ಕೂರದ
ತಮ್ಮ ವಿಶ್ವಾಸಿ,
ಎರಡನೆಯ ಮಹಡಿಯ ಹಗುರ ಹೆಂಗಸು

ಮರೆತ ಮಾತು: ಕೂತವರು ಎದ್ದ ಕೂಡಲೇ ಎಲ್ಲವೂ ನಿಲ್ಲುವ ತಮ್ಮ ಏರ್ಪಾಡು ಗಾಡಿಗೆ ಸರಿಯಾಗಿದೆ. ನಮ್ಮ ಸಂಘದ ಸಭಾಂಗಣದ ದೊಡ್ಡ ಕುರ್ಚಿಗೂ ತಮ್ಮ ಬಂಧುಗಳೊಬ್ಬರನ್ನು ಕಳಿಸಿಕೊಡಿ. ಆದರೆ ಅಲ್ಲಿ ಅವರು ತಿರುಗಾಮುರುಗಾ ಕೆಲಸ ಮಾಡಬೇಕಾಗುತ್ತದೆ, ಕೂತವರು ಎಷ್ಟು ಹೊತ್ತಾದರೂ ಏಳದಿದ್ದರೆ ಮೈಕು ನಿಲ್ಲಬೇಕು.