ಹೊಸ ಟಿವಿಯ ಮಡಿ

ಹಳೆಯ ಸಾಮಾನು ಇಟ್ಟುಕೊಳ್ಳಲು ಮನೆಯಲ್ಲಿ ಕಪಾಟು ಇದ್ದರೆ ಸಾಲದು, ಆ ಸಾಮಾನು ಇನ್ನೂ ನಡೆಯುತ್ತದೆಂದು ಆಗಾಗ ರುಜುವಾತು ಮಾಡುವ ಶಕ್ತಿಯೂ ಬೇಕು. ನನಗೆ ಈಚೆಗೆ ಆ ಶಕ್ತಿ ಉಳಿದಿಲ್ಲ. ನನ್ನ ಹತ್ತಿರ ಒಂದು ಹಳೇ ಕಂಪ್ಯೂಟರ್ ಇದೆ. ನೋಡಲು ಬರೀ ದಪ್ಪ ಕೀಬೋರ್ಡು. ಆ ಕಾಲದಲ್ಲಿ ಅದರ ವೈರನ್ನು ಟಿವಿಯ ಆಂಟೆನಾ ತೂತಿಗೆ ಸಿಕ್ಕಿಸಿದರೆ ಅಕ್ಷರ ಮೂಡುತ್ತಿದ್ದವು. ನನ್ನ ಹೆಸರನ್ನು ಪರದೆಯ ಮೇಲೆ ಮೊದಲು ಕಂಡದ್ದು ಅದರಿಂದಲೇ. ಹೀಗಾಗಿ ಅದರ ಮೇಲೆ ನನಗೆ ಜೀವ. ನನ್ನ ಹೆಂಡತಿ ಸುಮಿತ್ರಾಗೆ ಜೀವವಿರುವುದು ಅದು ಕೂತಿರುವ ಕಪಾಟಿನ ಮೇಲೆ. “ಐತವಾರ ಚಿತ್ರ ಬಂತಂದ್ರ ಇರಲಿ, ಇಲ್ಲಂದ್ರ ಭಂಗಾರದವಗ ಕೊಡೂದ ನೋಡ್ರಿ,” ಎಂದು ತೀರ್ಪು ಕೊಟ್ಟಳು. ಪುಣೆಯಲ್ಲಿ ಭಂಗಾರವೆಂದರೆ ಗುಜರಿ, ಮೈಮೇಲೆ ಹಾಕಿಕೊಳ್ಳುವುದಲ್ಲ.

ಹಿಂದಿನ ಟಿವಿಗಳು, ಪಾಪ, ಏನು ಬಂದರೂ ಮಸುಕಾಗಿಯಾದರೂ ತೋರಿಸುತ್ತಿದ್ದವು. ಇಲ್ಲಿನ ನಿಗಡಿ ಬಡಾವಣೆಯ ನಮ್ಮ ಫ್ಲ್ಯಾಟಿನ ಹೊಸ ಟಿವಿಗೆ ಮಡಿ ಹೆಚ್ಚು. ಸಿಗ್ನಲ್ ತುಸು ಹಳತೆನಿಸಿದರೂ ಮುಟ್ಟುವುದಿಲ್ಲ. ‘ನೋ ಸಿಗ್ನಲ್’ ಎಂದು ನೀಲಿಯಾಗಿ ಕೂತುಬಿಡುತ್ತದೆ. ಭಾನುವಾರ ನಾನು ಟಿವಿ ಪಕ್ಕದ ಸಂದಿಯಲ್ಲಿ ಬಗ್ಗಿ ವೈರು ತಿರುಚುತ್ತಿದ್ದೆ. ನೆರೆಮನೆಯ ದೇಶಮುಖರು ಬಾಗಿಲ ಬಳಿ ಸ್ವಿಚ್ಚಿಗೆ ಮುಖಮಾಡಿ ನಿಂತಿದ್ದರು. ನಾನು ‘ಚಾಲೂ’ ಎಂದರೆ ಹಾಕುವುದು, ‘ಬಂದ್’ ಎಂದರೆ ತೆಗೆಯುವುದು. ಅವರೊಂದಿಗೆ ನನ್ನ ಮರಾಠಿಯೆಲ್ಲ ಆ ಎರಡೇ ಮಾತಿಗೆ ಇಳಿದು ಮುಂಜಾನೆ ಕಳೆಯಿತು. ಸೊಂಟ ಹಿಡಿಯಿತು.

ಚಾನೆಲ್ ಹುಡುಕುತ್ತ ಹುಡುಕುತ್ತ, ಒಮ್ಮೆಲೇ ನೀಲಿ ಹೋಗಿ ಬಿಳಿ ಪರದೆ, ಮೂಲೆಯಲ್ಲಿ ಕಪ್ಪು ಅಕ್ಷರ! ಮೈಮರೆತು, “ಬಂದದ! ಬಂದದ!” ಎಂದು ಅಪ್ಪಟ ಧಾರವಾಡದ ದನಿಯಲ್ಲಿ ಒದರಿದೆ. ದೇಶಮುಖರಿಗೆ ಕೇಳಿಸಿದ್ದು ‘ಬಂದ್! ಬಂದ್!’ ಶಿಸ್ತಿನ ಮನುಷ್ಯ, ಪಟ್ಟನೆ ಸ್ವಿಚ್ ತೆಗೆದರು.

“ತುಮ್ಹೀಚ್ ಮ್ಹಣಾಲಾತ್ ನಾ, ಬಂದ್?” ನೀವೇ ಅಂದದ್ದಲ್ಲವೇ ಎಂದು ಅವರ ಮುಖ ಸಣ್ಣದಾಯಿತು. ಮತ್ತೆ ಹಾಕಿದರೆ ನೋ ಸಿಗ್ನಲ್. ಎಷ್ಟು ಸಲ ಹಾಕಿದರೂ ಅಷ್ಟೇ.

ಅಡುಗೆಮನೆಯಿಂದ ಸುಮಿತ್ರಾ ಬಂದಳು. ಚಿತ್ರ ಕಂಡ ಸಾಕ್ಷಿ ನಾನೊಬ್ಬನೇ. ನನ್ನ ಸಾಕ್ಷಿಯನ್ನು ನಾನಾದರೂ ನಂಬುತ್ತಿರಲಿಲ್ಲ. ನನಗೆ ಅಳುವೇ ಬಂದಿತ್ತು. ಆಕೆ ನನ್ನ ಮುಖವನ್ನೇ ನೋಡಿ, “ನೀವು ಇಷ್ಟ ಖುಷಿಲೇ ಒದರಿದ್ದ ನಾ ಎಂದೂ ಕೇಳಿಲ್ರಿ. ಖರೇನ ಬಂದಿರಬೇಕು. ಇರಲಿ ಬಿಡ್ರಿ, ಕಪಾಟಿನ್ಯಾಗ. ಮುಂದಿನ ಐತವಾರ ಮತ್ತ ಹಚ್ಚಿ ನೋಡೋಣು, ಸ್ವಿಚ್ ಹತ್ರ ನಾನ ನಿಂದರತೀನಿ,” ಎಂದಳು.

ಗೆದ್ದೆನೆಂದು ಹಿಗ್ಗಬೇಕಿತ್ತು. ಸೊಂಟ ಹಿಡಿದುಕೊಂಡು ಸಂದಿಯಿಂದ ಏಳುವಾಗ ನನ್ನ ಬಾಯಿಂದ ಹೊರಟ ಮಾತು ನನಗೇ ಕೇಳಿಸಿತು: “ಭಂಗಾರದವ ಎಷ್ಟೊತ್ತಿಗೆ ಬರತಾನ?”