ಕೈಮುಗಿದವರೆಲ್ಲ ಗುಣವಾದ ರಾಜ್ಯ

ಬಹಳ ಹಿಂದೆ, ಕೋಳಿಗಿಂತ ಮೊದಲು ಮೊಬೈಲು ಕೂಗುತ್ತಿದ್ದ ಕಾಲದಲ್ಲಿ, ಅಂಗುಷ್ಠಾವತಿ ಎಂಬ ರಾಜ್ಯವಿತ್ತು. ಓದುಗರು ಇದನ್ನು ನಮ್ಮ ನಾಡೆಂದು ಭಾವಿಸಬಾರದು, ಅಲ್ಲಿ ರಾಜನಿದ್ದ. ಮಗು ಹುಟ್ಟಿದರೆ ತೊಟ್ಟಿಲಿಗೆ ಹಾಕುವ ಮೊದಲು ಅದನ್ನು ‘ಪ್ರಜಾಬಂಧು’ ಎಂಬ ಗ್ರೂಪಿಗೆ ಸೇರಿಸುತ್ತಿದ್ದರು. ಗ್ರೂಪಿನ ಅಡ್ಮಿನ್ ಶ್ರೀಮನ್ಮಹಾರಾಜ ಶ್ರುತಕೀರ್ತಿ. ಅಲ್ಲಿಗೆ ಏನೇ ಬಂದರೂ ಕೈಮುಗಿಯುವ ಚಿತ್ರ ಒತ್ತುವುದು ಪ್ರಜೆಗಳ ವಾಡಿಕೆ. ಓದುವುದು ಕಡ್ಡಾಯವಾಗಿರಲಿಲ್ಲ.

ಮಹಾರಾಜರಿಗೆ ಪೇಟ ಸುತ್ತುವ ಕೆಲಸ ನಿಂಗಾಜಮ್ಮನದು. ಆ ಬೆಳಿಗ್ಗೆ ಅವಳ ಕೈ ಪೇಟದಲ್ಲಿತ್ತು, ಮನಸ್ಸು ಮನೆಯಲ್ಲಿತ್ತು. ಗಂಡ ಕೆಂಪಯ್ಯನಿಗೆ ಮೂರು ದಿನದಿಂದ ಜ್ವರ. ರಾಜವೈದ್ಯೆ ವಿಶಾಲಾಕ್ಷಿ ಬಂದು ನೋಡಿ, ಇವತ್ತೇ ಆಸ್ಪತ್ರೆಗೆ ಸೇರಿಸಬೇಕು, ತಡಮಾಡಿದರೆ ಉಳಿಯುವುದಿಲ್ಲ ಎಂದಿದ್ದರು. ಆಸ್ಪತ್ರೆಯ ಮಂಚಕ್ಕೆ ಅರಮನೆಯ ಅಪ್ಪಣೆ ಬೇಕಿತ್ತು.

“ಬುದ್ಧಿ, ನಮ್ಮನೆಯವ್ರಿಗೆ ಜ್ವರ ಬಿಡ್ತಾನೇ ಇಲ್ಲ. ಒಂದು ಮಂಚ ಕೊಡ್ಸಿ.”

ಪ್ರಭುಗಳು ಆಕಳಿಸಿದರು. ಹಿಂದಿನ ದಿನ ತಿಂದ ಪಕೋಡದ ನೆನಪಿನಿಂದಲೋ ಏನೋ, ಅವರಿಗೊಂದು ಚಿಂತನೆ ಹೊಳೆಯಿತು. ‘ಎಡಗಾಲಿನ ಹೆಬ್ಬೆರಳಿಗೆ ಈರುಳ್ಳಿ ಕಟ್ಟಿದರೆ ಜ್ವರ ಇಳಿಯುತ್ತದಂತೆ’ ಎಂದು ಬರೆದು ಮಂತ್ರಿ ತಥಾಸ್ತುರಾಯರಿಗೆ ಕಳಿಸಿದರು. ಮಂತ್ರಿಗಳು ‘ಪ್ರಾಚೀನ ಋಷಿಗಳ ಪ್ರಕಾರ’ ಎಂದು ಸೇರಿಸಿ ಸೇನಾಪತಿಗೆ ಕಳಿಸಿದರು. ಸೇನಾಪತಿಗಳು ‘ವಿದೇಶಿ ವಿಜ್ಞಾನಿಗಳು ದಿಗ್ಭ್ರಾಂತ’ ಎಂದು ಸೇರಿಸಿ ಪಟ್ಟದರಸಿಗೆ ಕಳಿಸಿದರು. ಅರಸಿಯವರು ‘ನನಗೇ ಗುಣವಾಯಿತು’ ಎಂದು ಸೇರಿಸಿ ಗಂಡನಿಗೆ ಕಳಿಸಿದರು. ಪೇಟದ ಏಳನೆಯ ಸುತ್ತು ಮುಗಿಯುವುದರೊಳಗೆ ಮಾತು ತವರಿಗೆ ಮರಳಿತು.

“ಅಬ್ಬಬ್ಬಾ!” ಪ್ರಭುಗಳು ಎದ್ದೇ ನಿಂತರು. “ನೋಡಿದೆಯಾ ನಿಂಗಾಜಿ? ನನಗೆ ಈಗಷ್ಟೇ ಹೊಳೆದದ್ದು ಋಷಿಗಳಿಗೆ ಆಗಲೇ ಗೊತ್ತಿತ್ತು!”

“ಬುದ್ಧಿ, ಮಂಚ...”

“ಮಂಚ ಯಾಕೆ? ಮನೆಯಲ್ಲಿ ಈರುಳ್ಳಿ ಇಲ್ಲವೆ?”

ಸಂದೇಶ ಪ್ರಜಾಬಂಧುವಿಗೆ ಹೋಯಿತು. ನಿಂಗಾಜಮ್ಮನ ಸೊಂಟದಲ್ಲಿದ್ದ ಮೊಬೈಲು ಟಿಂಗ್ ಎಂದಿತು. ಅವಳಿಗೆ ಅರಿವಾಗುವ ಮೊದಲೇ ಅವಳ ಹೆಬ್ಬೆರಳು ಕೈಮುಗಿದಿತ್ತು.

ಮಧ್ಯಾಹ್ನದ ಒಡ್ಡೋಲಗದಲ್ಲಿ ತಥಾಸ್ತುರಾಯರು ದತ್ತಾಂಶ ಮಂಡಿಸಿದರು. “ಪ್ರಭು, ಎರಡು ಲಕ್ಷ ಪ್ರಜೆಗಳೂ ಕೈಮುಗಿದಿದ್ದಾರೆ. ಕೈಮುಗಿದರೆಂದರೆ ಕೃತಜ್ಞತೆ. ಕೃತಜ್ಞತೆಯೆಂದರೆ ಗುಣವಾಗಿದೆಯೆಂದೇ ಅರ್ಥ. ಎರಡು ಲಕ್ಷ ಮಂದಿ ಗುಣಮುಖರು!”

“ಜ್ವರ ಬಂದಿದ್ದವರು ಎಷ್ಟು?”

“ನೂರ ಎಂಬತ್ತು.”

ತಥಾಸ್ತುರಾಯರು ಶಲ್ಯ ಸರಿಪಡಿಸಿಕೊಂಡರು.

“ಮಿಕ್ಕವರು ಮುಂಗಡವಾಗಿ ಗುಣವಾಗಿದ್ದಾರೆ, ಪ್ರಭು.”

ಚಪ್ಪಾಳೆಯೋ ಚಪ್ಪಾಳೆ. ಕೂಡಲೇ ರಾಜಾಜ್ಞೆ ಹೊರಟಿತು: ಕೈಮುಗಿದವರು ಕುಟುಂಬ ಸಮೇತ ಗುಣಮುಖರೆಂದು ತಿಳಿಯತಕ್ಕದ್ದು, ಮನೆಗೊಂದು ಮೂಟೆ ಈರುಳ್ಳಿಯನ್ನು ರಾಜೌಷಧ ಭಂಡಾರಕ್ಕೆ ಒಪ್ಪಿಸತಕ್ಕದ್ದು.

ನಿಂಗಾಜಮ್ಮ ಗಂಡನನ್ನು ಎತ್ತಿನಬಂಡಿಯಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಬಂದಳು. ಅವನ ಎಡಗಾಲಿಗೆ ಈರುಳ್ಳಿ ಕಟ್ಟಿದ್ದಳು. ನಂಬಿಕೆಯೇನೂ ಇರಲಿಲ್ಲ, ಕಟ್ಟದೆ ಏನಾದರೂ ಆಗಿಬಿಟ್ಟರೆ ಎಂಬ ಭಯ.

ಗೇಟಿನ ಗುಮಾಸ್ತ ಮೊಬೈಲು ನೋಡಿ ನಕ್ಕ. “ನಿಮ್ಮನೇಲಿ ಎಲ್ರೂ ಗುಣ ಆಗವ್ರಲ್ಲಮ್ಮ.”

“ಮೈ ಮುಟ್ಟಿ ನೋಡಪ್ಪ, ಕೆಂಡ ಆಗದೆ.”

“ಮುಟ್ಟೋದು ನನ್ ಕೆಲ್ಸ ಅಲ್ಲ. ಇಲ್ಲಿ ಹಸಿರು ತೋರಿಸ್ತಾ ಅದೆ.”

“ನಾನು ಸುಮ್ನೆ ಒತ್ತಿದ್ದು ಕಣಪ್ಪ, ಎಲ್ರೂ ಒತ್ತೋ ಹಂಗೆ.”

“ಹಂಗಾದ್ರೆ ಗುಣ ರದ್ದತಿಗೆ ಅರ್ಜಿ ಹಾಕಿ. ರೋಗಿನೇ ಅರಮನೆ ತನಕ ನಡ್ಕೊಂಡು ಬಂದು, ನಂಗೆ ನಡೆಯೋಕಾಗಲ್ಲ ಅಂತ ಬರ್ಕೊಡ್ಬೇಕು.”

ಗಲಾಟೆ ಕೇಳಿ ವಿಶಾಲಾಕ್ಷಿ ಹೊರಗೆ ಬಂದರು. ಬಂಡಿಯಲ್ಲೇ ಔಷಧ ಕುಡಿಸಿ, ಹಣೆಗೆ ಒದ್ದೆಬಟ್ಟೆ ಹಾಕಿ, ಪ್ರಜಾಬಂಧುವಿನಲ್ಲಿ ಬರೆದರು: ‘ಈರುಳ್ಳಿಯಿಂದ ಜ್ವರ ಇಳಿಯುವುದಿಲ್ಲ. ದಯವಿಟ್ಟು ರೋಗಿಗಳನ್ನು ಆಸ್ಪತ್ರೆಗೆ ಕರೆತನ್ನಿ, ಅವರಿಗೆ ಬಾಗಿಲು ತೆರೆಸಿ.’

ಅದಕ್ಕೂ ಎರಡು ಲಕ್ಷ ಮಂದಿ ಕೈಮುಗಿದರು. ಒಬ್ಬರೂ ಬರಲಿಲ್ಲ. ಮಂತ್ರಿಗಳು ಸಂದೇಶವನ್ನು ಅಳಿಸಿ, ವೈದ್ಯೆಯನ್ನು ಈರುಳ್ಳಿ ಭಂಡಾರಕ್ಕೆ ವರ್ಗ ಮಾಡಿದರು.

ಮರುದಿನ ಬೆಳಿಗ್ಗೆ ಕೆಂಪಯ್ಯ ತೀರಿಕೊಂಡ.

ಸ್ಮಶಾನದ ಮೇಸ್ತ್ರಿಯೂ ಮೊಬೈಲು ನೋಡಿದ. “ಗುಣ ಆದೋರನ್ನ ಹೂಳೋಕೆ ನಂಗೆ ಆರ್ಡರ್ ಇಲ್ಲ ತಾಯಿ.”

ವಿಷಯ ಅರಮನೆಗೆ ಹೋಯಿತು. ಅಂದೇ ಪ್ರಭುಗಳಿಗೆ ‘ಜಗದ್ವೈದ್ಯ’ ಬಿರುದು ಕೊಡುವ ಸಮಾರಂಭ. ಗುಣವಾದ ಹೆಣವೊಂದು ಊರಲ್ಲಿರುವುದು ಶೋಭೆಯಲ್ಲ. ತಥಾಸ್ತುರಾಯರು ಕಣ್ಣು ಮುಚ್ಚಿ ಯೋಚಿಸಿ ಆದೇಶ ಬರೆಸಿದರು: ಕೆಂಪಯ್ಯನು ಜ್ವರದಿಂದ ಸತ್ತಿರುವುದಿಲ್ಲ, ಜ್ವರ ಬಿಟ್ಟ ಸಂತೋಷವನ್ನು ತಡೆಯಲಾರದೆ ಸತ್ತಿರುತ್ತಾನೆ, ಆದ್ದರಿಂದ ಹೂಳಲು ಅಡ್ಡಿಯಿಲ್ಲ.

“ಸಂತೋಷವೇ?” ನಿಂಗಾಜಮ್ಮ ಕೇಳಿದಳು.

“ಹೌದಮ್ಮ,” ಎಂದರು ಮಂತ್ರಿಗಳು, ಮೃದುವಾಗಿ. “ಅಪರೂಪದ ಸಾವು. ನೀವು ಪುಣ್ಯವಂತರು.”

ಆ ಆದೇಶಕ್ಕೂ ಎರಡು ಲಕ್ಷ ಮಂದಿ ಕೈಮುಗಿದರು. ಅವರನ್ನೂ ಗುಣಮುಖರ ಪಟ್ಟಿಗೆ ಸೇರಿಸಲಾಗಿ, ರಾಜ್ಯದ ಆರೋಗ್ಯ ಜನಸಂಖ್ಯೆಯನ್ನು ಮೀರಿತು.

ಪ್ರಭುಗಳು ಕಿರೀಟದ ತುದಿಗೆ ಬಂಗಾರದ ಈರುಳ್ಳಿ ಇಟ್ಟುಕೊಂಡು ಆನೆ ಏರಿದರು. ಸಾರಿಗೆ ಹಾಕಲು ಒಂದು ಗಡ್ಡೆಯೂ ಉಳಿಯದ ಮನೆಗಳಿಂದ ಜನ ಬೀದಿಗೆ ಬಂದು ಜಯಕಾರ ಹಾಕಿದರು. ಅದೇ ಬೀದಿಯ ಮೂಲೆಯಲ್ಲಿ ಚಟ್ಟ ಸಿದ್ಧವಾಗಿತ್ತು. ನಾಲ್ಕು ಹೆಗಲು ಬೇಕಿತ್ತು. ಬಂಡಿಯವನು ಒಂದು ಕಡೆ ಹಿಡಿದ. ಭಂಡಾರದಿಂದ ಓಡಿಬಂದ ವಿಶಾಲಾಕ್ಷಿ ಒಂದು ಕಡೆ ಹಿಡಿದರು. ಮೂರನೆಯ ಕಡೆಗೆ ನಿಂಗಾಜಮ್ಮ ಸೆರಗು ಬಿಗಿದು ತಾನೇ ನಿಂತಳು.

“ಯಾರಾದ್ರೂ ಒಬ್ರು ಬನ್ನಿ,” ಎಂದು ಕರೆದಳು.

ಹತ್ತಿರವಿದ್ದವರು ತಿರುಗಿ ನೋಡಿದರು. ನೋಡಿ, ಎಲ್ಲರೂ ತಲೆತಗ್ಗಿಸಿ ಮೊಬೈಲಿನಲ್ಲಿ ಕೈಮುಗಿದರು.